ಬಾಯ್ಕಾಟ್: ಮನುಷ್ಯ ಮತ್ತು ಮಾತು

ಹತ್ತನೆಯ ತರಗತಿಯ ಹುಡುಗನೊಬ್ಬ ತನ್ನ ಉತ್ತರಪತ್ರಿಕೆಯಲ್ಲಿ ಹೀಗೆ ಬರೆದಿದ್ದ: "ಬಾಯ್ಕಾಟ್ ಎಂಬುದು ಕನ್ನಡದ ಬಾಯ್ಕಟ್ಟು ಎಂಬ ಪದದಿಂದ ಬಂದಿದೆ. ಒಬ್ಬನ ಸಂಗಡ ಮಾತಾಡದೆ ಬಾಯಿ ಕಟ್ಟಿಕೊಂಡು ಇರುವುದಕ್ಕೆ ಬಾಯ್ಕಟ್ಟು ಎನ್ನುತ್ತಾರೆ." ಉತ್ತರ ತಪ್ಪು, ಗೀಟು ಹಾಕಿದೆ. ಆದರೆ ಹಾಕಿದ ಮೇಲೆ ಪೆನ್ನು ಒಂದು ಗಳಿಗೆ ಅಲ್ಲಿಯೇ ನಿಂತಿತು. ನಮ್ಮಲ್ಲಿ ಬಾಯಿ ಕಟ್ಟುವುದೆಂದರೆ ಪಥ್ಯ ಮಾಡುವುದು. ಕಣದಲ್ಲಿ ತುಳಿಯುವ ಎತ್ತಿಗೆ ಕುಕ್ಕೆ ಹಾಕುವುದೂ ಬಾಯಿ ಕಟ್ಟುವುದೇ. ಹುಡುಗನ ವ್ಯುತ್ಪತ್ತಿ ಸುಳ್ಳಾದರೂ ಅವನು ಹೇಳಿದ ಅರ್ಥ ಸುಳ್ಳಾಗಿರಲಿಲ್ಲ. ಆ ಹುಡುಗನಿಗೆ ತರಗತಿಯಲ್ಲಿ ಹೇಳಿದ್ದನ್ನೇ ಇಲ್ಲಿ ತಮ್ಮ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡುತ್ತಿದ್ದೇನೆ.

ನದೀಮೂಲ ಋಷಿಮೂಲಗಳನ್ನು ಕೆದಕಬಾರದೆಂದು ಹಿರಿಯರ ಮಾತು. ಪದಮೂಲವನ್ನೂ ಅವರು ಆ ಸಾಲಿಗೆ ಸೇರಿಸಬಹುದಾಗಿತ್ತು. ಎಷ್ಟೋ ಪದಗಳ ಹುಟ್ಟು ಮಂಜಿನಲ್ಲಿ ಮರೆಯಾಗಿರುತ್ತದೆ. ಈ ಪದದ ಸಂಗತಿ ಹಾಗಲ್ಲ. ಇದಕ್ಕೆ ಹುಟ್ಟಿದ ವರ್ಷವಿದೆ, ಹುಟ್ಟಿದ ಊರಿದೆ, ಹೆಸರಿಟ್ಟ ಪುರೋಹಿತನೂ ಇದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಬಾಯ್ಕಾಟ್ ಎಂಬುದು ಒಬ್ಬ ಮನುಷ್ಯನ ಹೆಸರು.

ಇದು ನಡೆದದ್ದು ಐರ್ಲೆಂಡಿನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ದ್ವೀಪ ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿತ್ತು. ಉಳುವವರು ಬಹುಮಟ್ಟಿಗೆ ಕ್ಯಾಥೊಲಿಕ್ ಐರಿಷ್ ರೈತರು. ಒಡೆತನ ಬಹುಪಾಲು ಪ್ರಾಟೆಸ್ಟಂಟ್ ಜಮೀನುದಾರರದು. ಅವರಲ್ಲಿ ಅನೇಕರು ತಮ್ಮ ಜಮೀನಿನ ಮೇಲೆ ವಾಸವಿದ್ದವರೂ ಅಲ್ಲ. ಗೇಣಿ ಎತ್ತಲು, ಕೊಡದವನನ್ನು ಒಕ್ಕಲೆಬ್ಬಿಸಲು ಅವರ ಪರವಾಗಿ ಒಬ್ಬ ಪಾರುಪತ್ಯಗಾರ ಇರುತ್ತಿದ್ದ. 1974ರ ಭೂಸುಧಾರಣೆಗೆ ಮುಂಚೆ ನಮ್ಮ ಕರಾವಳಿ ಮಲೆನಾಡುಗಳ ಗೇಣಿದಾರರು ಹೇಗಿದ್ದರೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1845ರಿಂದ ಕೆಲವು ವರ್ಷ ಆಲೂಗೆಡ್ಡೆಯ ಬೆಳೆಗೆ ರೋಗ ತಗಲಿ, ಆ ಕ್ಷಾಮದಲ್ಲಿ ಅಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು. 1879ರಲ್ಲಿ ಬೆಳೆ ಮತ್ತೆ ಕೆಟ್ಟಿತು. ಹಳೆಯ ನೆನಪು ಇನ್ನೂ ಹಸಿಯಾಗಿದ್ದ ಜನ ಈ ಸಲ ಸುಮ್ಮನಿರಲಿಲ್ಲ. ನಾಲ್ಕು ವರ್ಷದ ಮಗುವಾಗಿದ್ದಾಗ ತಂದೆತಾಯಿಗಳೊಡನೆ ಒಕ್ಕಲೆಬ್ಬಿಸಿಕೊಂಡು, ಮುಂದೆ ಇಂಗ್ಲೆಂಡಿನ ಹತ್ತಿಯ ಗಿರಣಿಯಲ್ಲಿ ಬಲಗೈ ಕಳೆದುಕೊಂಡ ಮೈಕೇಲ್ ಡೇವಿಟ್ ಎಂಬಾತನ ಪ್ರಯತ್ನದಿಂದ ಆ ವರ್ಷದ ಅಕ್ಟೋಬರಿನಲ್ಲಿ 'ಲ್ಯಾಂಡ್ ಲೀಗ್' ಎಂಬ ರೈತರ ಸಂಘ ಹುಟ್ಟಿತು. ಅದರ ಅಧ್ಯಕ್ಷ ಚಾರ್ಲ್ಸ್ ಸ್ಟುಅರ್ಟ್ ಪಾರ್ನೆಲ್. ತಮಾಷೆಯೆಂದರೆ ಈತ ಸ್ವತಃ ಪ್ರಾಟೆಸ್ಟಂಟ್, ಸ್ವತಃ ಜಮೀನುದಾರ.

1880ರ ಸೆಪ್ಟೆಂಬರ್ 19ರಂದು ಎನ್ನಿಸ್ ಎಂಬ ಪಟ್ಟಣದಲ್ಲಿ ಪಾರ್ನೆಲ್ ಭಾಷಣ ಮಾಡಿದ. ನೆರೆಯವನನ್ನು ಒಕ್ಕಲೆಬ್ಬಿಸಿದ ಹೊಲವನ್ನು ಹೆಚ್ಚು ಗೇಣಿ ಕೊಟ್ಟು ಹಿಡಿಯುವವನನ್ನು ಏನು ಮಾಡಬೇಕೆಂದು ಸಭೆಯನ್ನು ಕೇಳಿದ. ಕೊಲ್ಲಬೇಕು, ಗುಂಡು ಹಾಕಬೇಕು ಎಂದು ಕೂಗು ಬಂತು. ಪಾರ್ನೆಲ್ ಅದಕ್ಕಿಂತ ಕ್ರೈಸ್ತಧರ್ಮಕ್ಕೊಪ್ಪುವ ದಾರಿ ತಾನು ಹೇಳುವೆನೆಂದ. ರಸ್ತೆಯಲ್ಲಿ ಕಂಡರೆ ಅವನನ್ನು ದೂರವಿಡಿ, ಅಂಗಡಿಯಲ್ಲಿ ದೂರವಿಡಿ, ಜಾತ್ರೆಯಲ್ಲಿ, ಸಂತೆಯಲ್ಲಿ, ದೇವರ ಮನೆಯಲ್ಲಿಯೂ ದೂರವಿಡಿ; ಹಿಂದಿನ ಕಾಲದಲ್ಲಿ ಕುಷ್ಠರೋಗಿಯನ್ನು ಹೇಗೆ ಇಡುತ್ತಿದ್ದರೋ ಹಾಗೆ. ಇದು ಅವನ ಮಾತಿನ ತಾತ್ಪರ್ಯ. ಕುಷ್ಠರೋಗಿಯ ಹೋಲಿಕೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಅದರ ಪ್ರಸ್ತಾಪ ಬರಲಿದೆ.

ಇದಾದ ಮೂರೇ ದಿನಕ್ಕೆ ಉಪದೇಶ ಪ್ರಯೋಗಕ್ಕೆ ಬಂತು. ಆದರೆ ಬಲೆಗೆ ಬಿದ್ದವನು ಹೊಲ ಹಿಡಿದ ರೈತನಲ್ಲ, ಒಬ್ಬ ಪಾರುಪತ್ಯಗಾರ. ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ 1832ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ಹುಟ್ಟಿದವನು. ಸ್ವಲ್ಪ ಕಾಲ ಸೈನ್ಯದಲ್ಲಿದ್ದು, ಐರ್ಲೆಂಡಿಗೆ ಬಂದು, ಅಲ್ಲಿಯೇ ಮದುವೆಯಾಗಿ ನೆಲೆಸಿದ. ಜನ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಸೈನ್ಯದಲ್ಲಿ ಅವನು ಆ ಹುದ್ದೆಗೆ ಏರಿದವನೇನೂ ಅಲ್ಲ. 1870ರ ದಶಕದಲ್ಲಿ ಮೇಯೋ ಪ್ರಾಂತದ ಬ್ಯಾಲಿನ್‌ರೋಬ್ ಎಂಬ ಊರಿನ ಬಳಿ, ಲಾಕ್ ಮಾಸ್ಕ್ ಎಂಬ ಸರೋವರದ ದಂಡೆಯಲ್ಲಿ ಜಮೀನು ಹಿಡಿದು, ಲಾರ್ಡ್ ಅರ್ನ್ ಎಂಬ ಶ್ರೀಮಂತನ ಪಾರುಪತ್ಯಗಾರನಾದ. ಲಾರ್ಡ್ ಅರ್ನನಿಗೆ ಐರ್ಲೆಂಡಿನಲ್ಲಿ ನಲವತ್ತು ಸಾವಿರ ಎಕರೆಗೂ ಮಿಕ್ಕಿ ಭೂಮಿಯಿತ್ತು. ಬಾಯ್ಕಾಟನ ಕೈಯಲ್ಲಿದ್ದದ್ದು ಅದರ ಒಂದು ಮೂಲೆ. ಇವನನ್ನು ರಾಕ್ಷಸನೆಂದು ಚಿತ್ರಿಸುವುದು ಸರಿಯಲ್ಲ. ಸಣ್ಣಪುಟ್ಟದಕ್ಕೆ ಕಟ್ಟುನಿಟ್ಟು ಮಾಡುವ, ಊರವರ ಪ್ರೀತಿ ಗಳಿಸಲಾರದ, ತನ್ನ ಹಕ್ಕನ್ನು ಕೂದಲೆಳೆಯಷ್ಟೂ ಬಿಡದ ಮನುಷ್ಯ. ಇಂಥವರನ್ನು ತಾವೂ ಕಂಡಿರುತ್ತೀರಿ.

ಆ ವರ್ಷ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ 25ರಷ್ಟು ಬಿಡಬೇಕೆಂದು ಕೇಳಿದರು. ಒಡೆಯ ನೂರಕ್ಕೆ 10 ಬಿಡುವೆನೆಂದ. ಒಪ್ಪದ 11 ಒಕ್ಕಲುಗಳ ಮೇಲೆ ಬಾಯ್ಕಾಟ್ ಒಕ್ಕಲೆಬ್ಬಿಸುವ ನೋಟೀಸು ತಂದ. ಸೆಪ್ಟೆಂಬರ್ 22ರಂದು ಕೋರ್ಟಿನ ಅಮೀನ ಪೊಲೀಸರ ಕಾವಲಿನಲ್ಲಿ ಜಾರಿಗೆ ಹೊರಟ. ಮೂರು ಮನೆಗಳಲ್ಲಿ ಜಾರಿಯಾಯಿತು. ನಾಲ್ಕನೆಯ ಮನೆಯ ಹೆಂಗಸು ನೋಟೀಸು ತೆಗೆದುಕೊಳ್ಳದೆ ಕೆಂಪು ಬಾವುಟ ಬೀಸಿ ಊರ ಹೆಂಗಸರನ್ನು ಕೂಗಿದಳು. ಅವರು ಕಲ್ಲು, ಕೆಸರು, ಸಗಣಿಗಳಿಂದ ಅಮೀನನಿಗೂ ಪೊಲೀಸರಿಗೂ ಮಂಗಳಾರತಿ ಮಾಡಿ ಅವರನ್ನು ಬಾಯ್ಕಾಟನ ಮನೆಯವರೆಗೆ ಓಡಿಸಿದರು. ಮರುದಿನ ಜನರ ಗುಂಪು ಆ ಮನೆಗೇ ಹೋಗಿ ಆಳುಕಾಳುಗಳಿಗೆಲ್ಲ ಕೆಲಸ ಬಿಟ್ಟು ಹೋಗುವಂತೆ ಹೇಳಿತು.

ಮನೆ ಒಂದೇ ದಿನದಲ್ಲಿ ಬರಿದಾಯಿತು. ಅಡಿಗೆಯವರಿಲ್ಲ, ಕುದುರೆ ನೋಡುವವನಿಲ್ಲ, ಹೊಲಕ್ಕೆ ಆಳಿಲ್ಲ. ಕಮ್ಮಾರ ಲಾಳ ಹೊಡೆಯಲಾರೆನೆಂದ. ಬಟ್ಟೆ ಒಗೆಯುವವಳು ಬರುವುದನ್ನು ನಿಲ್ಲಿಸಿದಳು. ಬ್ಯಾಲಿನ್‌ರೋಬಿನ ಅಂಗಡಿಗಳವರು ಸಾಮಾನು ಕೊಡಲಿಲ್ಲ. ದಿನಸಿ ದೂರದ ಊರಿನಿಂದ ಸರೋವರದ ಮೇಲೆ ದೋಣಿಯಲ್ಲಿ ಬರಬೇಕಾಯಿತು. ಟಪಾಲು ತರುವ ಹುಡುಗನಿಗೂ ತಡೆ. ಯಾರೂ ಕ್ಯಾಪ್ಟನ್ನನ ಮೈಮುಟ್ಟಲಿಲ್ಲ. ಆದರೆ ಅವನು ಕಂಡರೆ ಊರಿಗೆ ಊರೇ ಕಾಣದಂತಾಗುತ್ತಿತ್ತು. ಬೆಳೆದು ನಿಂತ ಆಲೂಗೆಡ್ಡೆಯೂ ಟರ್ನಿಪ್ ಗಡ್ಡೆಯೂ ನೆಲದಲ್ಲಿಯೇ ಉಳಿದವು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ಕೆಲಸ ಬಿಟ್ಟವರೆಲ್ಲರೂ ಮನಃಪೂರ್ವಕವಾಗಿ ಬಿಟ್ಟರೆಂದೇನೂ ಅಲ್ಲ. ಬೆದರಿಕೆಯೂ ಇತ್ತು. ಬಿಡದೆ ಉಳಿದರೆ ನಾಳೆ ತಾವೂ ಕ್ಯಾಪ್ಟನ್ನನ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆಂಬ ಭಯ ಬಡವರಿಗೆ ಇಲ್ಲದಿರುತ್ತದೆಯೆ?

ಬಾಯ್ಕಾಟ್ ತನ್ನ ಪಾಡನ್ನು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಬರೆದ. ಅಕ್ಟೋಬರ್ 18ರಂದು ಆ ಪತ್ರ ಅಚ್ಚಾದದ್ದೇ ತಡ, ಊರಜಗಳ ದೇಶದ ಜಗಳವಾಯಿತು. ಅವನಿಗೆ ಸಹಾಯನಿಧಿ ಕೂಡಿತು. ಉತ್ತರದ ಕ್ಯಾವನ್, ಮೊನಾಹನ್ ಪ್ರಾಂತಗಳಿಂದ 50 ಮಂದಿ ಪ್ರಾಟೆಸ್ಟಂಟ್ ಕೆಲಸಗಾರರು ಬೆಳೆ ಕೀಳಲು ನವೆಂಬರಿನಲ್ಲಿ ಬಂದರು. ಅವರ ರಕ್ಷಣೆಗೆ ನೂರುಗಟ್ಟಲೆ ಸೈನಿಕರು, ಪೊಲೀಸರು. ಮಳೆಯಲ್ಲಿ ನೆನೆಯುತ್ತ ಗುಡಾರ ಹಾಕಿಕೊಂಡು ಎರಡು ವಾರ ಗಡ್ಡೆ ಕಿತ್ತರು. ಕಿತ್ತ ಬೆಳೆಯ ಬೆಲೆ ಸುಮಾರು 500 ಪೌಂಡು. ಕೀಳಿಸಿದ ಖರ್ಚು 10,000 ಪೌಂಡಿಗೆ ಕಡಮೆಯಿಲ್ಲ. ಒಂದೊಂದು ಟರ್ನಿಪ್ ಗಡ್ಡೆಗೆ ಒಂದೊಂದು ಷಿಲಿಂಗ್ ಬಿತ್ತೆಂದು ಪಾರ್ನೆಲ್ ನಗೆಯಾಡಿದ. ನಮ್ಮವರು ಹೇಳುವ ಕಾಸಿನ ಕೋಳಿಗೆ ಆಣೆಯ ಮಸಾಲೆ ಇದೇ ಅಲ್ಲವೆ?

ಬೆಳೆ ಕಿತ್ತರೇನು, ಊರು ಒಲಿಯಲಿಲ್ಲ. ನವೆಂಬರ್ 27ರಂದು ಬಾಯ್ಕಾಟ್ ಸಂಸಾರಸಮೇತ ಮನೆ ಬಿಟ್ಟ. ಗಾಡಿ ಬಾಡಿಗೆಗೆ ಸಿಕ್ಕಿತು, ಹೊಡೆಯುವವನು ಸಿಗಲಿಲ್ಲ. ಕೊನೆಗೆ ಗಾಯಾಳುಗಳನ್ನು ಒಯ್ಯುವ ಸೈನ್ಯದ ಬಂಡಿಯಲ್ಲಿ ಕುಳಿತು ಹೋದ. ಡಬ್ಲಿನ್ನಿನಲ್ಲಿ ಅವನು ಇಳಿದುಕೊಂಡ ಹೋಟೆಲಿನವನಿಗೂ ಬೆದರಿಕೆಯ ಪತ್ರ ಬಂತು. ಡಿಸೆಂಬರ್ 1ಕ್ಕೆ ಇಂಗ್ಲೆಂಡಿಗೆ ಹಡಗು ಹತ್ತಿದ. ಮರುವರ್ಷ ಅಮೆರಿಕಕ್ಕೆ ಹೋಗುವಾಗ ಚಾರ್ಲ್ಸ್ ಕನಿಂಗ್‌ಹ್ಯಾಮ್ ಎಂದಷ್ಟೇ ಹೆಸರು ಬರೆಸಿದನಂತೆ. ವಂಶದ ಹೆಸರು ಅಷ್ಟು ಹೊತ್ತಿಗೆ ಅವನ ಕೈಬಿಟ್ಟು ಲೋಕದ ಸ್ವತ್ತಾಗಿತ್ತು. 1897ರಲ್ಲಿ, ಇಂಗ್ಲೆಂಡಿನ ಇನ್ನೊಂದು ಜಮೀನಿನ ಪಾರುಪತ್ಯ ನೋಡಿಕೊಂಡಿದ್ದಾಗಲೇ, ಸತ್ತ. ಐರಿಷ್ ರೈತರಿಗೆ ನ್ಯಾಯವಾದ ಗೇಣಿ, ಒಕ್ಕಲಿನ ಭದ್ರತೆ, ತನ್ನ ಒಕ್ಕಲು ಹಕ್ಕನ್ನು ಮಾರುವ ಸ್ವಾತಂತ್ರ್ಯ ಇವು ಮೂರನ್ನೂ ಒಪ್ಪಿದ ಕಾಯಿದೆ 1881ರಲ್ಲಿಯೇ ಬಂದಿತ್ತು.

ಇನ್ನು ನಾಮಕರಣದ ಕಥೆ. ಬಾಯ್ಕಾಟನ ನೆರೆಯ ಊರಿನಲ್ಲಿ ಜಾನ್ ಒಮ್ಯಾಲಿ ಎಂಬ ಕ್ಯಾಥೊಲಿಕ್ ಪಾದ್ರಿಯಿದ್ದ. ರೈತರ ಕಡೆಯ ಮುಂದಾಳು. ಜೇಮ್ಸ್ ರೆಡ್‌ಪಾತ್ ಎಂಬ ಅಮೆರಿಕದ ಪತ್ರಿಕೋದ್ಯೋಗಿ ಅವನ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಪದದ ಸಮಸ್ಯೆ ಎದ್ದಿತೆಂದು ರೆಡ್‌ಪಾತನೇ ಬರೆದಿದ್ದಾನೆ. ನೆರೆಯವನ ಹೊಲ ಹಿಡಿದ ರೈತನನ್ನು ಜನ ದೂರವಿಟ್ಟರೆ ಅದಕ್ಕೆ ಹೇಳಲು ಮಾತಿದೆ, ಮಠಮಂದಿರಗಳವರು ಧರ್ಮದಿಂದ ಹೊರಗಿಡುವಾಗ ಬಳಸುವ ಮಾತೇ ಸಾಕು. ಆದರೆ ಜಮೀನುದಾರನನ್ನೋ ಅವನ ಪಾರುಪತ್ಯಗಾರನನ್ನೋ ಹೀಗೆ ಮಾಡಿದರೆ ಅದಕ್ಕೆ ಪೂರ್ತಿ ಬೇರೆಯದೇ ಮಾತು ಬೇಕು. 'ಆಸ್ಟ್ರಸಿಸಮ್' ಎಂದರೆ ಹಳ್ಳಿಗರಿಗೆ ತಿಳಿಯುವುದಿಲ್ಲ. ಪಾದ್ರಿ ತಲೆಯ ಮೇಲೆ ಕೈಯಾಡಿಸಿ ಯೋಚಿಸಿ, ಅವನನ್ನು 'ಬಾಯ್ಕಾಟ್ ಮಾಡುವುದು' ಎಂದರೆ ಹೇಗೆ ಎಂದನಂತೆ. ನವೆಂಬರ್ ಮುಗಿಯುವುದರೊಳಗೆ ಅದೇ 'ಟೈಮ್ಸ್' ಪತ್ರಿಕೆಯೇ ಈ ಕ್ರಿಯಾಪದವನ್ನು ಅಚ್ಚು ಹಾಕಿತ್ತು. ಫ್ರೆಂಚರು, ಜರ್ಮನರು, ರಷ್ಯನರು, ಬಲು ದೂರದ ಜಪಾನಿನವರು ಸಹ ಇದನ್ನು ತಮ್ಮ ನಾಲಗೆಗೆ ಹೊಂದಿಸಿಕೊಂಡರು.

ಪಾದ್ರಿ ಬೇಡವೆಂದ 'ಆಸ್ಟ್ರಸಿಸಮ್' ಎಂಬ ಪದವನ್ನೂ ಒಂದು ಗಳಿಗೆ ನೋಡೋಣ. ಅದು ಗ್ರೀಕ್ ಮಾತು; 'ಆಸ್ಟ್ರಕಾನ್' ಎಂದರೆ ಒಡೆದ ಮಡಕೆಯ ಚೂರು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಅಥೆನ್ಸಿನ ನಾಗರಿಕರು ಊರಿಗೆ ಅಪಾಯವೆಂದು ಕಂಡ ಪ್ರಬಲನ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಆಯ್ಕೆಯಾದವನು ಹತ್ತು ವರ್ಷ ಊರು ಬಿಡಬೇಕು. ಆಸ್ತಿ ಮಾತ್ರ ಅವನದೇ. ಮಡಕೆಯೆಂದರೆ ನಮ್ಮ ಕಡೆಯದೂ ಒಂದುಂಟು. ನಮ್ಮ ಧರ್ಮಶಾಸ್ತ್ರಗಳಲ್ಲಿ ಪತಿತನಾದವನನ್ನು ಕುಲದಿಂದ ಹೊರಗಿಡುವಾಗ, ಅವನು ಬದುಕಿರುವಂತೆಯೇ ಸತ್ತವನಿಗೆ ಬಿಡುವ ನೀರು ಬಿಟ್ಟು, ತುಂಬಿದ ಗಡಿಗೆಯನ್ನು ದಾಸಿಯೊಬ್ಬಳ ಕಾಲಿನಿಂದ ಉರುಳಿಸುವ ವಿಧಿಯಿದೆ. ಘಟಸ್ಫೋಟವೆಂದು ಅದರ ಹೆಸರು. ಅಥೆನ್ಸಿನವರ ಚೂರು ಪ್ರಬಲನ ಮೇಲೆ ಬೀಳುತ್ತಿತ್ತು. ನಮ್ಮ ಗಡಿಗೆ ಯಾರ ಮೇಲೆ ಉರುಳಿತೆಂದು ಕೇಳಿದರೆ ಗರ್ಭಿಣಿಯಾದ ವಿಧವೆ, ಬೇರೆಯವರ ಮನೆಯಲ್ಲಿ ಉಂಡವನು, ಸಮುದ್ರ ದಾಟಿದವನು, ಇವರೇ ಕಣ್ಣಿಗೆ ಬರುತ್ತಾರೆ.

ಈಗ ನಮ್ಮ ಮಾತಿಗೆ ಬರೋಣ. 1905ರಲ್ಲಿ ಕರ್ಜನ್ ಬಂಗಾಳವನ್ನು ಒಡೆಯಲು ಹೊರಟಾಗ ಆಗಸ್ಟ್ 7ರಂದು ಕಲ್ಕತ್ತದ ಟೌನ್ ಹಾಲಿನ ಸಭೆ ಬ್ರಿಟಿಷ್ ಸರಕನ್ನು ಬಾಯ್ಕಾಟ್ ಮಾಡುವ ನಿರ್ಣಯ ಮಾಡಿತು. ಬಂಗಾಳಿಗಳು ಐರ್ಲೆಂಡಿನ ಮಾತನ್ನೇ ಇಟ್ಟುಕೊಂಡರು. ಮರಾಠಿಯಲ್ಲಿ ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣವೆಂದು ತಿಲಕರ ಚತುಃಸೂತ್ರಿ ಪ್ರಸಿದ್ಧವಾಯಿತು. ಕನ್ನಡದಲ್ಲಿಯೂ ಬಾಯ್ಕಾಟಿಗೆ ಪ್ರತಿಯಾಗಿ ನಿಂತದ್ದು ಬಹಿಷ್ಕಾರವೇ. 'ಬಹಿಃ' ಎಂದರೆ ಹೊರಗೆ, 'ಕಾರ' ಎಂದರೆ ಮಾಡುವುದು. ನಿಃ ಸೇರಿದ ಕಾಮ ನಿಷ್ಕಾಮವಾದಂತೆ ವಿಸರ್ಗ ಷಕಾರವಾಗಿ ಬಹಿಷ್ಕಾರವಾಯಿತು. ವ್ಯಾಕರಣಕ್ಕೆ ಏನೂ ಕೊರತೆಯಿಲ್ಲ. ಕೊರತೆಯಿರುವುದು ಬೇರೆ ಕಡೆ. ಜನ ಜಮೀನುದಾರನನ್ನು ಬಿಡುವುದಕ್ಕೂ ಮಠ ಮನುಷ್ಯನನ್ನು ಹೊರಗಿಡುವುದಕ್ಕೂ ಒಂದೇ ಮಾತು ಕೂಡದೆಂದು ರೆಡ್‌ಪಾತ್ ಊಟ ಬಿಟ್ಟು ಯೋಚಿಸಿದ. ನಾವು ಪಾದ್ರಿ ಕಟ್ಟಿದ ಹೊಸ ಮಾತನ್ನು ತಂದು, ಅವರು ಬೇಡವೆಂದು ಬದಿಗಿಟ್ಟ ಹಳೆಯ ಗಡಿಗೆಗೇ ಸುರಿದುಬಿಟ್ಟೆವು. ನನಗೆ ಇದು ಅಷ್ಟಾಗಿ ಸೊಗಸಿಲ್ಲ. ಪಂಡಿತನಾಗಿ ಹೇಳಬಾರದು, ಆದರೂ ಇಲ್ಲಿ ಸಂಸ್ಕೃತಕ್ಕಿಂತ ಬಾಯ್ಕಾಟ್ ಎಂಬ ಮ್ಲೇಚ್ಛಶಬ್ದವೇ ಲೇಸಾಗಿತ್ತೆಂದು ನನ್ನ ಎಣಿಕೆ.

ಒಬ್ಬರ ಜೀವನದಲ್ಲಿಯೇ ಈ ಎರಡು ಅರ್ಥಗಳೂ ಎದುರಾದದ್ದುಂಟು. 1888ರಲ್ಲಿ, ಎಂದರೆ ಕ್ಯಾಪ್ಟನ್ನನ ಗಲಾಟೆಯಾದ ಎಂಟು ವರ್ಷಕ್ಕೆ, ಗಾಂಧಿ ಇಂಗ್ಲೆಂಡಿಗೆ ಹೊರಟರು. ಮುಂಬಯಿಯಲ್ಲಿ ಅವರ ಜಾತಿಯವರು ಸಭೆ ಸೇರಿ ಅವರನ್ನು ಜಾತಿಯಿಂದ ಹೊರಗಿಟ್ಟರು. ಸಹಾಯ ಮಾಡಿದವನಿಗೆ, ಹಡಗುಕಟ್ಟೆಗೆ ಕಳುಹಿಸಲು ಹೋದವನಿಗೆ ಸವಾ ರೂಪಾಯಿ ದಂಡ. ಮರಳಿ ಬಂದ ಮೇಲೆ ಅಕ್ಕನ ಮನೆಯಲ್ಲಿಯೂ ಅತ್ತೆಯ ಮನೆಯಲ್ಲಿಯೂ ಗುಟ್ಟಾಗಿ ನೀರು ಕೊಡಲು ಒಪ್ಪಿದವರಿದ್ದರೂ ಗಾಂಧಿ ಕುಡಿಯಲಿಲ್ಲ. ಬಹಿರಂಗವಾಗಿ ಮಾಡಲಾಗದ್ದನ್ನು ಗುಟ್ಟಾಗಿ ಮಾಡುವುದು ಅವರಿಗೆ ಸೇರದು. ಇದೇ ಗಾಂಧಿ 1920ರಲ್ಲಿ ಸರ್ಕಾರದ ಶಾಲೆ, ಕೋರ್ಟು, ಶಾಸನಸಭೆಗಳನ್ನು ಬಹಿಷ್ಕರಿಸಿರೆಂದು ದೇಶಕ್ಕೆ ಹೇಳಿದರು. ಆದರೆ ಆಗ ಹಳ್ಳಿಹಳ್ಳಿಗಳಲ್ಲಿ ಒಪ್ಪದವನ ಮನೆಗೆ ಅಗಸ, ಕ್ಷೌರಿಕ, ವೈದ್ಯರನ್ನು ತಪ್ಪಿಸುವ ಕೆಲಸವೂ ಶುರುವಾಯಿತು. ರೋಗಿಗೆ ವೈದ್ಯನನ್ನು ತಪ್ಪಿಸುವುದು ಅಮಾನುಷವೆಂದು 1921ರಲ್ಲಿ ಅವರೇ ಬರೆಯಬೇಕಾಯಿತು.

ಬಹಿಷ್ಕಾರದ ಇನ್ನೊಂದು ಮುಖವನ್ನು ಬಲ್ಲವರು ಅಂಬೇಡ್ಕರರು. 1924ರಲ್ಲಿ ಅವರು ಕಟ್ಟಿದ ಸಂಸ್ಥೆಯ ಹೆಸರು ಬಹಿಷ್ಕೃತ ಹಿತಕಾರಿಣೀ ಸಭಾ. 1927ರ ಪತ್ರಿಕೆ ಬಹಿಷ್ಕೃತ ಭಾರತ. ಕೆರೆಯ ನೀರು ಮುಟ್ಟಿದರೆಂದು, ಹೆಣ ಹೊರಲು ಒಲ್ಲೆವೆಂದರೆಂದು ಊರಿಗೆ ಊರೇ ಅಸ್ಪೃಶ್ಯರಿಗೆ ಕೂಲಿ, ದಿನಸಿ, ದಾರಿ ಮೂರನ್ನೂ ನಿಲ್ಲಿಸುವ ಪದ್ಧತಿಯನ್ನು ಮುಂಬಯಿ ಸರ್ಕಾರದ ಸ್ಟಾರ್ಟ್ ಸಮಿತಿ 1930ರ ತನ್ನ ವರದಿಯಲ್ಲಿ ದಾಖಲಿಸಿತು. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳೂ ಆಗ ಮುಂಬಯಿ ಪ್ರಾಂತದವೇ. ಅಂಬೇಡ್ಕರರು ಆ ಸಮಿತಿಯ ಸದಸ್ಯರು. ಅದೇ ವರ್ಷ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಕೊಟ್ಟ ಮನವಿಯಲ್ಲಿ ಅವರೂ ಆರ್. ಶ್ರೀನಿವಾಸನ್ ಅವರೂ 'ಬಾಯ್ಕಾಟ್' ಮಾಡುವುದನ್ನು ಅಪರಾಧವಾಗಿಸಬೇಕೆಂದು ಕೇಳಿದರು. ಅದರ ಮಾತುಗಳನ್ನು 1922ರ ಬರ್ಮಾ ಬಾಯ್ಕಾಟ್ ವಿರೋಧಿ ಕಾಯಿದೆಯಿಂದ ತೆಗೆದುಕೊಂಡಿದ್ದರು. ಒಕ್ಕಲುಗಳು ಒಡೆಯನ ಮೇಲೆ ಎತ್ತಿದ ಆಯುಧದ ಹೆಸರನ್ನೇ, ಒಡೆಯರು ಕೂಲಿಯವರ ಮೇಲೆ ಎತ್ತುವ ಆಯುಧಕ್ಕೆ ಅವರು ಹೇಳಬೇಕಾಯಿತು. ಇಂಗ್ಲಿಷಿನಲ್ಲಿಯೂ ಆ ಹೊತ್ತಿಗೆ ಪದ ಎರಡು ಕಡೆಗೂ ತಿರುಗಿಹೋಗಿತ್ತು. ಪಾರ್ನೆಲ್ ಎನ್ನಿಸ್‌ನಲ್ಲಿ ಕುಷ್ಠರೋಗಿಯ ಹೋಲಿಕೆ ಕೊಟ್ಟಾಗಲೇ ಅದರ ಬೀಜ ಬಿದ್ದಿತ್ತೆಂದು ನನಗೆ ಕಾಣುತ್ತದೆ. ಕುಷ್ಠರೋಗಿ ಯಾರ ಜಮೀನನ್ನೂ ಕಿತ್ತುಕೊಂಡವನಲ್ಲ.

ಅಮೆರಿಕದಲ್ಲಿ ಮಾಂಟ್ಗೊಮರಿ ಪಟ್ಟಣದ ಕರಿಯರು 1955ರ ಡಿಸೆಂಬರಿನಿಂದ 381 ದಿನ ಸಿಟಿ ಬಸ್ಸು ಹತ್ತದೆ ನಡೆದು ಗೆದ್ದರಲ್ಲ, ಅದನ್ನು ಜಗತ್ತೆಲ್ಲ ಬಸ್ ಬಾಯ್ಕಾಟ್ ಎನ್ನುತ್ತದೆ. ಮುಂದಾಳು ಮಾರ್ಟಿನ್ ಲೂಥರ್ ಕಿಂಗರಿಗೆ ಮಾತ್ರ ಆ ಪದ ಮನಸ್ಸಿಗೆ ಬರಲಿಲ್ಲ. ಕರಿಯರ ಹಕ್ಕಿನ ಪರ ನಿಂತವರ ಜೀವನೋಪಾಯ ಕೆಡಿಸಲು ಬಿಳಿಯರ ಸಂಘಗಳೂ ಅದನ್ನೇ ಮಾಡುತ್ತಿದ್ದವು. ಕೆಟ್ಟ ವ್ಯವಸ್ಥೆಗೆ ಸಹಕಾರ ಕೊಡದಿರುವುದು ಎಂದು ಅವರು ತಮ್ಮ ಕೆಲಸವನ್ನು ಕರೆದುಕೊಂಡರು. ನಮ್ಮ 'ಅಸಹಕಾರ' ಇದಕ್ಕೆ ಸರಿಯಾದ ಮಾತು. ಅದು ಕೈಯಲ್ಲೇ ಇದ್ದರೂ ನಾವೇಕೆ ಹೆಚ್ಚು ಬಳಸಲಿಲ್ಲವೋ ತಿಳಿಯದು.

ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ ಕಾಯಿದೆಗೆ 2015ರಲ್ಲಿ ತಂದ ತಿದ್ದುಪಡಿ ಸಾಮಾಜಿಕ ಬಹಿಷ್ಕಾರ, ಆರ್ಥಿಕ ಬಹಿಷ್ಕಾರಗಳನ್ನು ಹೆಸರಿಸಿ ಅಪರಾಧವೆಂದಿತು. ಅಂಬೇಡ್ಕರರು ಕೇಳಿ 85 ವರ್ಷವಾಗಿತ್ತು. ಚುನಾವಣೆಯ ದಿನಗಳಲ್ಲಿ ತಮ್ಮ ಮನೆಗೆ ಬರುವ ದಿನಪತ್ರಿಕೆಯ ಜಿಲ್ಲಾ ಪುಟವನ್ನು ತಾವೊಮ್ಮೆ ನೋಡಿ. ರಸ್ತೆ, ಸೇತುವೆ ಆಗುವವರೆಗೆ ಮತ ಹಾಕುವುದಿಲ್ಲವೆಂದು ಒಂದು ಹಳ್ಳಿಯವರು ಬಹಿಷ್ಕಾರ ಹಾಕಿರುತ್ತಾರೆ. ಅದರ ಕೆಳಗೆ ಇನ್ನೊಂದು ಹಳ್ಳಿಯಲ್ಲಿ, ಜಾತಿ ಮೀರಿ ಮದುವೆಯಾದ ಮಗಳನ್ನು ಮನೆಗೆ ಸೇರಿಸಿಕೊಂಡ ಸಂಸಾರಕ್ಕೆ ಅಂಗಡಿಯಲ್ಲಿ ಉಪ್ಪು ಕೊಡಬಾರದೆಂದು ಊರವರು ಬಹಿಷ್ಕಾರ ಹಾಕಿರುತ್ತಾರೆ. ಎರಡಕ್ಕೂ ತಲೆಬರಹದಲ್ಲಿ ಅದೇ ಅಕ್ಷರ.